ಡ್ರ್ಯಾಗನ್ ಬೆನ್ನೇರಿದ ಬಾಲ್ಯ: ಸಿಂಗಪುರದ ಹಳೆಯ ಆಟದಂಗಳಗಳು

ಸಿಂಗಪುರದ ತೋವಾ ಪಾಯೋ ಬಡಾವಣೆಯ ಲೋರಾಂಗ್ 6 ರಸ್ತೆಯ ಬದಿಯಲ್ಲಿ, ಮರಳು ಹರಡಿದ ಅಂಗಳದ ನಡುವೆ, ಒಂದು ಡ್ರ್ಯಾಗನ್ ಕುಳಿತಿದೆ. ಅದರ ತಲೆ ಕಾಂಕ್ರೀಟಿನದು. ಮೇಲೆ ಕಿತ್ತಳೆ ಬಣ್ಣದ ಪುಟ್ಟ ಬಿಲ್ಲೆಗಳ ಹೊದಿಕೆ. ತಲೆಯ ಹಿಂದೆ ಸಾಲಾಗಿ ನಿಂತ ಲೋಹದ ಬಳೆಗಳೇ ಅದರ ಮೈ. ಮೆಟ್ಟಿಲು ಹತ್ತಿ ತಲೆಯ ಮೇಲೇರಿದ ಮಗು ಜಾರುಬಂಡೆಯಲ್ಲಿ ಜಾರಿ ಮರಳಿಗೆ ಇಳಿಯುತ್ತದೆ, ಮೈ ಕೊಡವಿಕೊಂಡು ಮತ್ತೆ ಮೆಟ್ಟಿಲ ಕಡೆಗೆ ಓಡುತ್ತದೆ. 1979ರಲ್ಲಿ ಇದನ್ನು ಕಟ್ಟಿದವರು ಸ್ಮಾರಕ ಕಟ್ಟಲು ಹೊರಟವರಲ್ಲ. ಸುತ್ತಲಿನ ಸರ್ಕಾರಿ ವಸತಿ ಕಟ್ಟಡಗಳ ಮಕ್ಕಳಿಗೆ ಸಂಜೆ ಆಡಲು ಒಂದು ಜಾಗ ಬೇಕಿತ್ತು, ಅಷ್ಟೇ. ಇಂದು ಇದೇ ಡ್ರ್ಯಾಗನ್ ಅಂಚೆ ಕಾರ್ಡು, ಅಂಗಿ, ಕೈಚೀಲಗಳ ಮೇಲೆ ಅಚ್ಚಾಗುತ್ತಿದೆ. ದೂರದ ದೇಶಗಳಿಂದ ಬಂದವರು ಇದನ್ನು ಹುಡುಕಿಕೊಂಡು ಬರುತ್ತಾರೆ.

ಬಣ್ಣಕ್ಕೆ ಹೆಸರಾದ ನಗರ ಸಿಂಗಪುರ. ಜೂ ಚಿಯಾಟ್ ಪ್ರದೇಶದ ಕೂನ್ ಸೆಂಗ್ ರಸ್ತೆಯ ಹಳೆಯ ಮನೆಸಾಲು, ಲಿಟಲ್ ಇಂಡಿಯಾದ ಟಾನ್ ಟೆಂಗ್ ನಿಯಾ ಅವರ ಮನೆ, ಕಾಮನಬಿಲ್ಲಿನ ಪಟ್ಟಿ ಬಳಿದುಕೊಂಡ ಬಹುಮಹಡಿ ಕಟ್ಟಡಗಳು ಪ್ರವಾಸಿಗರ ಕ್ಯಾಮೆರಾಗಳಿಗೆ ಚೆನ್ನಾಗಿ ಪರಿಚಿತ. ಆದರೆ ಈ ನಗರದ ಸಾಮಾನ್ಯ ಜನ ಹೇಗೆ ಬದುಕಿದರು, ಅವರ ಮಕ್ಕಳು ಎಲ್ಲಿ ಬೆಳೆದರು ಎಂಬುದನ್ನು ತಿಳಿಯಬೇಕಾದರೆ ಬಡಾವಣೆಗಳ ಒಳಗೆ ಉಳಿದಿರುವ ಹಳೆಯ ಆಟದಂಗಳಗಳಿಗೇ ಹೋಗಬೇಕು. ಒಂದೇ ಅಚ್ಚಿನಲ್ಲಿ ಎದ್ದ ಸಾವಿರಾರು ಮನೆಗಳ ನಡುವೆ ‘ಇದು ನಮ್ಮ ಜಾಗ’ ಎಂದು ಗುರುತಿಸಿಕೊಳ್ಳಲು ಒಂದು ಆಧಾರವನ್ನು ಕೊಟ್ಟದ್ದು ಈ ಡ್ರ್ಯಾಗನ್, ಪಾರಿವಾಳ, ಆನೆ, ಕಲ್ಲಂಗಡಿಗಳೇ.

ಮನೆಗಳ ನಂತರ ಅಂಗಳ

ಆಟದಂಗಳಗಳ ಕಥೆ ಮನೆಗಳ ಕಥೆಯಿಂದಲೇ ಶುರುವಾಗುತ್ತದೆ. ಎರಡನೇ ಮಹಾಯುದ್ಧದ ನಂತರದ ಸಿಂಗಪುರದಲ್ಲಿ ಲಕ್ಷಾಂತರ ಜನ ಇಕ್ಕಟ್ಟಾದ ಅಂಗಡಿಮನೆಗಳ ಕೋಣೆಗಳಲ್ಲಿ, ಇಲ್ಲವೇ ಮರದ ಹಲಗೆ ಮತ್ತು ತಗಡಿನ ಗುಡಿಸಲುಗಳ ಕಾಂಪಾಂಗ್‌ಗಳಲ್ಲಿ ವಾಸವಾಗಿದ್ದರು. ಬ್ರಿಟಿಷರ ಆಡಳಿತ 1927ರಲ್ಲಿ ಸ್ಥಾಪಿಸಿದ್ದ ಸಿಂಗಪುರ ಇಂಪ್ರೂವ್‌ಮೆಂಟ್ ಟ್ರಸ್ಟ್ ಮೂರು ದಶಕಗಳಲ್ಲಿ ಕಟ್ಟಿದ್ದು ಸುಮಾರು 23,000 ಮನೆಗಳನ್ನು ಮಾತ್ರ. 1960ರ ಫೆಬ್ರವರಿಯಲ್ಲಿ ಅದರ ಜಾಗಕ್ಕೆ ಬಂದ ವಸತಿ ಮತ್ತು ಅಭಿವೃದ್ಧಿ ಮಂಡಳಿ, ಅಂದರೆ ಎಲ್ಲರೂ ಕರೆಯುವ ಎಚ್‌ಡಿಬಿ, ಮೊದಲ ಐದು ವರ್ಷಗಳಲ್ಲೇ 50,000ಕ್ಕೂ ಹೆಚ್ಚು ಮನೆಗಳನ್ನು ಕಟ್ಟಿತು. 1961ರ ಮೇ 25ರಂದು ಬುಕಿತ್ ಹೋ ಸ್ವೀ ಕಾಂಪಾಂಗ್‌ಗೆ ಬಿದ್ದ ಬೆಂಕಿ ಸುಮಾರು 16,000 ಜನರನ್ನು ಬೀದಿಗೆ ತಂದಿತು. ಅವರಿಗೆ ತುರ್ತಾಗಿ ಸೂರು ಒದಗಿಸಬೇಕಾದ ಒತ್ತಡ ಮಂಡಳಿಯ ಕೆಲಸಕ್ಕೆ ಇನ್ನಷ್ಟು ವೇಗ ಕೊಟ್ಟಿತು.

ಆ ಹೊತ್ತಿನಲ್ಲಿ ಬೇಕಾಗಿದ್ದುದು ಸೂರು, ನೀರು, ವಿದ್ಯುತ್ತು, ಶೌಚಾಲಯ. ಆಟದ ಜಾಗಕ್ಕೆ ಹೆಚ್ಚೆಂದರೆ ಒಂದೆರಡು ಉಯ್ಯಾಲೆ, ಒಂದು ಸೀಸಾ, ಒಂದು ಕಬ್ಬಿಣದ ಜಾರುಬಂಡೆ. ಎಲ್ಲ ಬಡಾವಣೆಗಳಲ್ಲೂ ಅವೇ ಸಾಮಾನು, ಅದೇ ಜೋಡಣೆ. 1970ರ ದಶಕದ ಹೊತ್ತಿಗೆ ವಸತಿಯ ತುರ್ತು ಸ್ವಲ್ಪ ತಗ್ಗಿತು. ಕ್ವೀನ್ಸ್‌ಟೌನ್, ತೋವಾ ಪಾಯೋ ನಂತರ ಆಂಗ್ ಮೋ ಕಿಯೊ, ಬೆಡೋಕ್‌ನಂಥ ದೊಡ್ಡ ಹೊಸ ಪಟ್ಟಣಗಳು ಏಳತೊಡಗಿದವು. ಕಾಂಪಾಂಗ್‌ನಲ್ಲಿ ಮನೆಯ ಮುಂದೆ ಮರ, ಕೆರೆ, ಕೋಳಿ, ಮಣ್ಣು ಕಂಡು ಬೆಳೆಯುತ್ತಿದ್ದ ಮಕ್ಕಳು ಈಗ ಹತ್ತು ಹನ್ನೆರಡನೇ ಮಹಡಿಯ ಕಾರಿಡಾರಿನಲ್ಲಿ ನಿಂತಿದ್ದರು. ಅವರಿಗೆ ನೆಲಕ್ಕಿಳಿಯಲು ಒಂದು ನೆಪ ಬೇಕಿತ್ತು. ಹೊಸ ಕಟ್ಟಡಗಳು ಒಂದನ್ನೊಂದು ಹೋಲುತ್ತವೆ, ಬಡಾವಣೆಗಳಿಗೆ ತಮ್ಮದೇ ಮುಖವಿಲ್ಲ ಎಂಬ ಕೊರತೆಯೂ ಕಾಣತೊಡಗಿತ್ತು.

ಇದಕ್ಕೆ ಯೋಜಕರು ಕಂಡುಕೊಂಡ ಪರಿಹಾರಗಳಲ್ಲಿ ಒಂದು, 1970ರ ದಶಕದ ಕೊನೆಗೆ ಬಂದ ‘ಪ್ರೀಸಿಂಕ್ಟ್’ ವ್ಯವಸ್ಥೆ. ಪಟ್ಟಣವನ್ನು ನೆರೆಹೊರೆಗಳಾಗಿ, ನೆರೆಹೊರೆಯನ್ನು 400ರಿಂದ 800 ಮನೆಗಳ ಸಣ್ಣ ಗುಂಪುಗಳಾಗಿ ಒಡೆದರು. ಕಟ್ಟಡಗಳು ಸುತ್ತ ನಿಂತು, ನಡುವೆ ಒಂದು ತೆರೆದ ಅಂಗಳ ಬರುವಂತೆ ನಕ್ಷೆ ಹಾಕಿದರು. ಆ ಅಂಗಳದ ಹೃದಯಭಾಗ ಮಕ್ಕಳ ಆಟದ ಜಾಗಕ್ಕೆ ಮೀಸಲಾಯಿತು. ತಾಯಿ ಅಡುಗೆಮನೆಯ ಕಿಟಕಿಯಿಂದ ಮಗುವನ್ನು ನೋಡಬಹುದು, ಅಜ್ಜ ಕೆಳಗೆ ಕಲ್ಲುಬೆಂಚಿನಲ್ಲಿ ಕುಳಿತು ಕಾಯಬಹುದು, ಮಗು ದೊಡ್ಡ ರಸ್ತೆ ದಾಟಬೇಕಾಗಿಲ್ಲ.

ಕೋರ್ ಈನ್ ಘೀ ಎಂಬ ವಿನ್ಯಾಸಕ

ಆಟದ ಸಾಮಾನುಗಳನ್ನು ಹೊರಗಿನಿಂದ ಕೊಳ್ಳುವ ಬದಲು ತಾನೇ ವಿನ್ಯಾಸ ಮಾಡಲು ಮಂಡಳಿ 1970ರ ದಶಕದ ಮಧ್ಯದಲ್ಲಿ ನಿರ್ಧರಿಸಿತು. ಈ ಕೆಲಸ ಬಿದ್ದದ್ದು ಕೋರ್ ಈನ್ ಘೀ ಅವರ ಹೆಗಲಿಗೆ. ಅವರು ಎಚ್‌ಡಿಬಿಯಲ್ಲಿ ಒಳಾಂಗಣ ವಿನ್ಯಾಸಕರಾಗಿದ್ದರು, ಚಿತ್ರಕಲಾವಿದರೂ ಹೌದು. ಆಟದಂಗಳದ ವಿನ್ಯಾಸ ಎಂಬ ಪ್ರತ್ಯೇಕ ವಿದ್ಯೆಯನ್ನು ಆ ಕಾಲದ ಸಿಂಗಪುರದಲ್ಲಿ ಕಲಿತವರು ಇರಲಿಲ್ಲ. ಮಕ್ಕಳು ಹೇಗೆ ಹತ್ತುತ್ತಾರೆ, ಎಲ್ಲಿ ತೂರುತ್ತಾರೆ, ಯಾವ ಎತ್ತರಕ್ಕೆ ಹೆದರುತ್ತಾರೆ ಎಂಬುದನ್ನು ಗಮನಿಸುತ್ತ ಕೆಲಸ ಮಾಡುತ್ತಲೇ ಕಲಿಯಬೇಕಿತ್ತು.

ಅವರ ಆರಂಭದ ವಿನ್ಯಾಸಗಳು ಪ್ರಾಣಿ ಪಕ್ಷಿಗಳು: ಹೆಜ್ಜಾರ್ಲೆ, ಪಾರಿವಾಳ, ಆನೆ. ಬೆನ್ನಿನ ಇಳಿಜಾರು ಜಾರುಬಂಡೆಯಾಗಬಲ್ಲ, ಹೊಟ್ಟೆ ಗುಹೆಯಾಗಬಲ್ಲ ದೇಹಗಳನ್ನು ಅವರು ಆರಿಸಿಕೊಂಡರು. ಬಳಿಕ ಬಂದದ್ದು ಡ್ರ್ಯಾಗನ್. ಚೀನೀ ಮೂಲದವರು ಬಹುಸಂಖ್ಯಾತರಾದ ನಾಡಿನಲ್ಲಿ ಅದು ಶುಭದ, ಬಲದ ಸಂಕೇತ. ಉದ್ದನೆಯ ಮೈಯಿಂದಾಗಿ ಹತ್ತು ಮಕ್ಕಳು ಒಟ್ಟಿಗೆ ಆಡಲೂ ಹೇಳಿ ಮಾಡಿಸಿದಂಥ ಆಕಾರ. ಮುಂದೆ ಸ್ಥಳೀಯ ಬದುಕಿನ ವಸ್ತುಗಳೂ ಸೇರಿಕೊಂಡವು. ನದಿಯಲ್ಲಿ ಓಡಾಡುತ್ತಿದ್ದ ಸಾಂಪಾನ್ ದೋಣಿ, ಬೀದಿಯ ಸೈಕಲ್ ರಿಕ್ಷಾ ಇವೆಲ್ಲ ಆಟದ ಸಾಮಾನುಗಳಾದವು. ಹಳೆಯ ಸಿಂಗಪುರದಿಂದ ಕಣ್ಮರೆಯಾಗುತ್ತಿದ್ದ ವಸ್ತುಗಳು ಹೀಗೆ ಹೊಸ ಬಡಾವಣೆಯ ಮಕ್ಕಳ ಕೈಗೆ ಸಿಕ್ಕವು.

ಆಟದಂಗಳವನ್ನು ಶಿಲ್ಪದಂತೆ ಕಾಣುವ ಯೋಚನೆ ಆಗ ಜಗತ್ತಿನ ಬೇರೆ ಕಡೆಯೂ ಇತ್ತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ ಆರಂಭಿಸಿ ಮೂರು ದಶಕಗಳಲ್ಲಿ 700ಕ್ಕೂ ಹೆಚ್ಚು ಆಟದಂಗಳಗಳನ್ನು ರೂಪಿಸಿದ್ದರು. ಯುದ್ಧದಲ್ಲಿ ಪಾಳುಬಿದ್ದ ನಿವೇಶನಗಳಲ್ಲಿ ಕಾಂಕ್ರೀಟು ದಿಮ್ಮಿ, ಮರಳುಗುಂಡಿ, ಕಬ್ಬಿಣದ ಕಮಾನು ಮಾತ್ರ ಇಟ್ಟು, ಉಳಿದದ್ದನ್ನು ಮಕ್ಕಳ ಕಲ್ಪನೆಗೆ ಬಿಟ್ಟ ವಿನ್ಯಾಸಗಳವು. ಜಪಾನಿನ ಉದ್ಯಾನಗಳಲ್ಲಿ ಕಾಂಕ್ರೀಟಿನ ದೊಡ್ಡ ಆಕ್ಟೋಪಸ್ ಜಾರುಬಂಡೆಗಳು ಬಂದಿದ್ದವು. ಸಿಂಗಪುರದ ವೈಶಿಷ್ಟ್ಯ ಎಂದರೆ ಇಲ್ಲಿ ಈ ಕೆಲಸ ಮಾಡಿದ್ದು ಮನೆ ಕಟ್ಟುವ ಸರ್ಕಾರಿ ಸಂಸ್ಥೆಯೇ. ಮನೆಯ ನಕ್ಷೆ ಬರೆದ ಕಚೇರಿಯಲ್ಲೇ ಆಟದಂಗಳದ ನಕ್ಷೆಯೂ ತಯಾರಾಗುತ್ತಿತ್ತು. ಹಾಗಾಗಿ ಆಟದ ಜಾಗ ಉಳಿದ ಮೂಲೆಗೆ ತಳ್ಳುವ ವಸ್ತುವಾಗದೆ ಬಡಾವಣೆಯ ಭಾಗವಾಗಿಯೇ ಬಂತು.

ಸಿಮೆಂಟು, ಬಿಲ್ಲೆ, ಮರಳು

ಈ ಅಂಗಳಗಳು ಇಷ್ಟು ವರ್ಷ ಬಾಳಿದ್ದು ಅವುಗಳ ಸಾಮಗ್ರಿಯಿಂದ. ಮೂಲ ಆಕಾರ ಕಾಂಕ್ರೀಟಿನದು. ಜಾರುವ, ಕೂರುವ ಭಾಗಗಳಿಗೆ ಟೆರಾಜೊ. ಕರ್ನಾಟಕದ ಹಳೆಯ ಮನೆ, ಬ್ಯಾಂಕು, ಶಾಲೆಗಳಲ್ಲಿ ಕಾಣುವ ಮೊಸಾಯಿಕ್ ನೆಲವೂ ಇದೇ ಕೆಲಸದ್ದು. ಸಿಮೆಂಟಿಗೆ ಅಮೃತಶಿಲೆಯ ಚೂರುಗಳನ್ನು ಬೆರೆಸಿ ಕಾಂಕ್ರೀಟಿನ ಮೇಲೆ ದಪ್ಪನೆಯ ಪದರವಾಗಿ ಹಾಕುತ್ತಾರೆ. ನೀರುಣಿಸಿ ಕೆಲವು ದಿನ ಗಟ್ಟಿಯಾಗಲು ಬಿಡುತ್ತಾರೆ. ಅನಂತರ ಒರಟು ಸಾಣೆಕಲ್ಲಿನಿಂದ ಶುರುಮಾಡಿ ನಯವಾದ ಕಲ್ಲಿನವರೆಗೆ ಹಂತಹಂತವಾಗಿ ಉಜ್ಜುತ್ತಾರೆ. ಉಜ್ಜಿದಂತೆಲ್ಲ ಸಿಮೆಂಟಿನ ಮೇಲ್ಪದರ ಹೋಗಿ ಕಲ್ಲಿನ ಚೂರುಗಳ ಬಣ್ಣ ಹೊರಬರುತ್ತದೆ, ಮೈ ಗಾಜಿನಂತೆ ನುಣುಪಾಗುತ್ತದೆ. ವರ್ಷವಿಡೀ ಮಳೆ ಸುರಿಯುವ ಸಿಂಗಪುರದಲ್ಲಿ ತುಕ್ಕು ಹಿಡಿಯದ, ಕೊಳೆಯದ ಇಂಥ ಜಾರುಬಂಡೆ ಆಗ ಅಗ್ಗವೂ ಆಗಿತ್ತು, ಬಾಳಿಕೆಯದೂ ಆಗಿತ್ತು. ಮಕ್ಕಳು ಜಾರಿದಷ್ಟೂ ಅದು ಇನ್ನಷ್ಟು ನಯವಾಗುತ್ತದೆ.

ಬಾಗಿದ ಭಾಗಗಳಿಗೆ ಬಣ್ಣದ ಪುಟ್ಟ ಬಿಲ್ಲೆಗಳನ್ನು ಅಂಟಿಸುತ್ತಿದ್ದರು. ದೊಡ್ಡ ಟೈಲ್ಸ್ ಚಪ್ಪಟೆ ಗೋಡೆಗೆ ಸರಿ, ಡ್ರ್ಯಾಗನ್ನಿನ ಉಬ್ಬಿದ ಕೆನ್ನೆಗೆ ಕೂರುವುದಿಲ್ಲ. ಹೆಬ್ಬೆರಳಿನಷ್ಟು ಅಗಲದ ಬಿಲ್ಲೆಗಳಾದರೆ ಯಾವ ತಿರುವಿಗೂ ಹೊಂದಿಕೊಳ್ಳುತ್ತವೆ. ಹತ್ತಿರ ಹೋಗಿ ನೋಡಿದರೆ ಗಾರೆ ಕೆಲಸದವರ ಕೈಚಳಕ ಕಾಣುತ್ತದೆ. ನೇರವಾದ ಜಾಗದಲ್ಲಿ ಬಿಲ್ಲೆಗಳ ಸಾಲು ದಾರ ಹಿಡಿದಂತೆ ಸಾಗುತ್ತದೆ. ಕಣ್ಣಿನ ಸುತ್ತ, ತುಟಿಯ ಅಂಚಿನಲ್ಲಿ ಬಿಲ್ಲೆಗಳನ್ನು ಒಡೆದು, ಮೂಲೆ ಕತ್ತರಿಸಿ, ಸಂದಿಗೆ ಹೊಂದಿಸಿದ್ದಾರೆ. ಈ ಬಿಲ್ಲೆಗಳ ಬಣ್ಣ ಕುಲುಮೆಯಲ್ಲಿ ಸುಟ್ಟು ಬಂದದ್ದರಿಂದ ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ. ಸಿಂಗಪುರದಲ್ಲಿ ವಸತಿ ಕಟ್ಟಡಗಳಿಗೆ ಕೆಲವು ವರ್ಷಗಳಿಗೊಮ್ಮೆ ಹೊಸ ಬಣ್ಣ ಬಳಿಯುವ ಪದ್ಧತಿ ಇದೆ. ಹಳದಿ ಇದ್ದ ಕಟ್ಟಡ ನೀಲಿಯಾಗುತ್ತದೆ, ನೀಲಿ ಇದ್ದದ್ದು ಬಿಳಿಯಾಗುತ್ತದೆ. ಅಂಗಳದ ನಡುವಿನ ಪ್ರಾಣಿ ಮಾತ್ರ ತನ್ನ ಮೊದಲ ಬಣ್ಣದಲ್ಲೇ ಇರುತ್ತದೆ.

ಮೂರನೆಯ ಸಾಮಗ್ರಿ ಮರಳು. ಬಿದ್ದವರಿಗೆ ಮೆತ್ತೆ, ಚಿಕ್ಕವರಿಗೆ ಅದೇ ಆಟಿಕೆ. ಜಾರುಬಂಡೆಯಲ್ಲಿ ಜಾರುವ ವಯಸ್ಸಾಗದ ಮಗುವೂ ಮರಳಿನಲ್ಲಿ ಗುಂಡಿ ತೋಡುತ್ತ ಗಂಟೆಗಟ್ಟಲೆ ಕೂರುತ್ತಿತ್ತು. ದೊಡ್ಡ ಮಕ್ಕಳು ಗೋಲಿಯಾಡುತ್ತಿದ್ದರು, ರಬ್ಬರ್ ಬ್ಯಾಂಡು ಪೋಣಿಸಿದ ಹಗ್ಗ ಜಿಗಿಯುತ್ತಿದ್ದರು. ಬಟ್ಟೆಯ ಪುಟ್ಟ ಚೀಲಗಳಿಗೆ ಅಕ್ಕಿ ತುಂಬಿ ಆಡುವ ಐದು ಕಲ್ಲಿನ ಆಟಕ್ಕೆ ಪಕ್ಕದ ಕಟ್ಟಡದ ಕೆಳಗಿನ ತೆರೆದ ಮಹಡಿ ಇತ್ತು. ಮನೆಗಳನ್ನು ಹಂಚುವಾಗ ಚೀನೀ, ಮಲಯ, ಭಾರತೀಯ ಮೂಲದ ಕುಟುಂಬಗಳು ಬೆರೆತೇ ಇರಬೇಕೆಂಬ ನಿಯಮ 1989ರಲ್ಲಿ ಜಾರಿಗೆ ಬಂತು. ಮನೆಯೊಳಗೆ ಬೇರೆ ಬೇರೆ ಭಾಷೆ ಆಡುವ ಮಕ್ಕಳು ಒಂದೇ ಜಾರುಬಂಡೆಗೆ ಸರದಿ ನಿಲ್ಲುತ್ತಿದ್ದ ಸ್ಥಳ ಈ ಆಟದಂಗಳ.

ಉಳಿದವು ಯಾವುವು, ಎಲ್ಲಿ?

ತೋವಾ ಪಾಯೋದ ಡ್ರ್ಯಾಗನ್ ಈ ಪೀಳಿಗೆಯ ಅತಿ ಪ್ರಸಿದ್ಧ ಆಟದಂಗಳ. ಅದರ ತಲೆಯೇ ಒಂದು ಪುಟ್ಟ ಕೋಟೆ. ಮೇಲೇರಲು ಮೆಟ್ಟಿಲು, ಇಳಿಯಲು ಜಾರುಬಂಡೆ, ಕೆಳಗೆ ಅವಿತುಕೊಳ್ಳಲು ಸಂದು. ಮೈಯ ಬಳೆಗಳನ್ನು ಹಿಡಿದು ಒಂದರಿಂದ ಇನ್ನೊಂದಕ್ಕೆ ದಾಟುತ್ತ ಬಾಲದವರೆಗೆ ಹೋಗುವುದು ದೊಡ್ಡ ಮಕ್ಕಳ ಪಂದ್ಯ. ಇದರಲ್ಲಿ ವಿನ್ಯಾಸಕನ ಜಾಣ್ಮೆ ಇದೆ. ತಲೆಯ ಭಾಗ ಸುಲಭ, ಮೈ ಸ್ವಲ್ಪ ಕಷ್ಟ. ಬೇರೆ ಬೇರೆ ವಯಸ್ಸಿನವರು ಒಂದೇ ಪ್ರಾಣಿಯ ಮೇಲೆ ತಮ್ಮ ಕೈಲಾಗುವ ಜಾಗವನ್ನು ತಾವೇ ಹುಡುಕಿಕೊಳ್ಳುತ್ತಾರೆ. ಇಲ್ಲಿ ಮರಳು ಇನ್ನೂ ಇರುವುದರಿಂದ ಮೂಲದ ಅನುಭವ ಬಹುಮಟ್ಟಿಗೆ ಹಾಗೆಯೇ ಸಿಗುತ್ತದೆ. ಇದೇ ಮಾದರಿಯ ಇನ್ನೊಂದು ದೊಡ್ಡ ಡ್ರ್ಯಾಗನ್ ಆಂಗ್ ಮೋ ಕಿಯೊ ಅವೆನ್ಯೂ 3ರಲ್ಲಿದೆ. ಅಲ್ಲಿ ಮರಳಿನ ಬದಲು ರಬ್ಬರಿನ ನೆಲ ಬಂದಿದೆ. ಎರಡನ್ನೂ ಒಂದೇ ದಿನ ನೋಡಿದವರಿಗೆ ನೆಲ ಬದಲಾದರೆ ಆಟವೂ ಹೇಗೆ ಬದಲಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಒಂದು ಕಡೆ ಮಕ್ಕಳು ನೆಲಕ್ಕೆ ಕುಳಿತು ತೋಡುತ್ತಾರೆ, ಇನ್ನೊಂದು ಕಡೆ ಹತ್ತಿ ಇಳಿದು ಓಡುತ್ತಾರೆ.

ಡಕೋಟಾ ಕ್ರೆಸೆಂಟ್‌ನ ಪಾರಿವಾಳಕ್ಕೆ ಬೇರೆಯೇ ಹಿನ್ನೆಲೆ ಇದೆ. ಈ ಬಡಾವಣೆಯನ್ನು ಇಂಪ್ರೂವ್‌ಮೆಂಟ್ ಟ್ರಸ್ಟ್ 1958ರಲ್ಲಿ ಕಟ್ಟಿತು. ಸಮೀಪದ ಕಲ್ಲಾಂಗ್ ವಿಮಾನ ನಿಲ್ದಾಣ 1937ರಿಂದ 1955ರವರೆಗೆ ಬಳಕೆಯಲ್ಲಿತ್ತು. ಅಲ್ಲಿ ಇಳಿಯುತ್ತಿದ್ದ ಡಕೋಟಾ ವಿಮಾನಗಳ ನೆನಪಿಗೆ ಬಡಾವಣೆಗೆ ಈ ಹೆಸರು ಬಂತು. ಇಟ್ಟಿಗೆಯ ಕಡಿಮೆ ಎತ್ತರದ ಕಟ್ಟಡಗಳು, ಅಗಲವಾದ ಹುಲ್ಲುಹಾಸು, ನೆರಳು ಚೆಲ್ಲುವ ಹಳೆಯ ಮರಗಳ ನಡುವೆ ಎಚ್‌ಡಿಬಿ ನಂತರದ ವರ್ಷಗಳಲ್ಲಿ ಈ ಪಾರಿವಾಳವನ್ನು ಸೇರಿಸಿತು. ಬಿಲ್ಲೆ ಹೊದ್ದ ಹಕ್ಕಿಯ ಮೈಯಿಂದ ಜಾರುಬಂಡೆ ಇಳಿಯುತ್ತದೆ, ಪಕ್ಕದಲ್ಲಿ ಹಳೆಯ ಟಯರುಗಳ ಜೋಕಾಲಿ, ಕೆಳಗೆ ಮರಳು. ಡ್ರ್ಯಾಗನ್ನಿಗಿಂತ ಚಿಕ್ಕದು, ಹೆಚ್ಚು ಸೌಮ್ಯ. ಚಿಕ್ಕ ಬಡಾವಣೆಯ ಅಳತೆಗೆ ತಕ್ಕಂತಿದೆ.

ಬಿಶಾನ್ ಬಡಾವಣೆಯಲ್ಲಿ ಗಡಿಯಾರದ ಆಟದಂಗಳವಿದೆ. ಪಾಸಿರ್ ರಿಸ್‌ನಲ್ಲಿ ಬಿಲ್ಲೆ ಹೊದ್ದ ಆನೆ ಮತ್ತು ಎಲಿಯಾಸ್ ಮಾಲ್ ಬಳಿ ಸಾಂಪಾನ್ ದೋಣಿ ಇವೆ. ಟ್ಯಾಂಪಿನೀಸ್ ಸೆಂಟ್ರಲ್ ಪಾರ್ಕ್‌ನಲ್ಲಿ ಹಣ್ಣುಗಳ ಸರದಿ. ಕತ್ತರಿಸಿಟ್ಟ ಕಲ್ಲಂಗಡಿ ಹೋಳುಗಳು ಹಸಿರು ಸಿಪ್ಪೆ, ಕೆಂಪು ತಿರುಳು ತೋರುತ್ತ ಮನುಷ್ಯರಿಗಿಂತ ಎತ್ತರಕ್ಕೆ ನಿಂತಿವೆ. ಜೊತೆಗೆ ದಪ್ಪ ಸಿಪ್ಪೆಯ ಮ್ಯಾಂಗೋಸ್ಟೀನ್ ಹಣ್ಣು. ಕರ್ನಾಟಕದ ಕರಾವಳಿ, ಮಲೆನಾಡಿನ ಪುನರ್ಪುಳಿ ಅಥವಾ ಮುರುಗಲು ಇದೇ ಕುಲದ ಸಸ್ಯ. ಆಗ್ನೇಯ ಏಷ್ಯಾದ ಜನರಿಗೆ ಮ್ಯಾಂಗೋಸ್ಟೀನ್ ಹಣ್ಣುಗಳ ರಾಣಿ. 1980ರ ದಶಕದಲ್ಲಿ ಪ್ರಾಣಿಗಳಿಂದ ಹಣ್ಣು, ಶಿಶುಗೀತೆ, ಕಟ್ಟುಕಥೆಗಳ ಕಡೆಗೆ ವಿನ್ಯಾಸಗಳು ಹೊರಳಿದವು. ಟ್ಯಾಂಪಿನೀಸ್ ಹಣ್ಣುಗಳು, ಬಿಶಾನ್ ಗಡಿಯಾರ ಆ ಎರಡನೇ ಹಂತದವು. ಕೋರ್ ಈನ್ ಘೀ ಅವರ ಜೊತೆಗೆ ಮಂಡಳಿಯ ಇತರ ವಿನ್ಯಾಸಕರೂ ಈ ಕೆಲಸದಲ್ಲಿ ತೊಡಗಿದ್ದರು.

ಏಕೆ ಕಣ್ಮರೆಯಾದವು?

1990ರ ದಶಕದಲ್ಲಿ ಗಾಳಿ ಬೇರೆ ಕಡೆಗೆ ಬೀಸಿತು. ಮೊದಲ ಕಾರಣ ಸುರಕ್ಷತೆ. ಜಾರುಬಂಡೆಯ ಎತ್ತರ, ತಲೆ ಸಿಕ್ಕಿಕೊಳ್ಳದಂಥ ಸಂದುಗಳ ಅಳತೆ, ಬಿದ್ದಾಗ ಪೆಟ್ಟು ತಗ್ಗಿಸುವ ನೆಲ ಇವುಗಳ ಬಗ್ಗೆ ಜಗತ್ತಿನಾದ್ಯಂತ ಮಾನದಂಡಗಳು ಬಿಗಿಯಾದವು. ಕಾಂಕ್ರೀಟಿನ ಅಂಚಿಗೆ ತಲೆ ತಗುಲಿದರೆ ಆಗುವ ಗಾಯ ಸಣ್ಣದಲ್ಲ. ಎರಡನೆಯ ಕಾರಣ ಮರಳು. ಬೆಕ್ಕು ನಾಯಿಗಳು ಅದನ್ನು ಹೊಲಸು ಮಾಡುತ್ತವೆ, ಒಡೆದ ಗಾಜು ಅದರಲ್ಲಿ ಅಡಗುತ್ತದೆ, ಮಕ್ಕಳ ಕಾಲಿಗಂಟಿ ಮೆಟ್ಟಿಲು ಲಿಫ್ಟುಗಳವರೆಗೆ ಹೋಗುತ್ತದೆ. ಆಗಾಗ ಜಾಲಿಸಬೇಕು, ತೊಳೆಯಬೇಕು, ಹೊಸದು ತುಂಬಬೇಕು. ಬಡಾವಣೆಗಳ ನಿರ್ವಹಣೆ 1980ರ ದಶಕದ ಕೊನೆಯಲ್ಲಿ ಎಚ್‌ಡಿಬಿಯಿಂದ ಟೌನ್ ಕೌನ್ಸಿಲ್‌ಗಳ ಕೈಗೆ ಹೋಗಿತ್ತು. ಅವಕ್ಕೆ ಒಮ್ಮೆ ಹಾಸಿದರೆ ಗುಡಿಸಿ ತೊಳೆಯಬಹುದಾದ ರಬ್ಬರಿನ ನೆಲ ಅನುಕೂಲವಾಗಿತ್ತು.

ಮೂರನೆಯದು ಸಿದ್ಧ ಸಾಮಾನುಗಳ ಮಾರುಕಟ್ಟೆ. ಪ್ಲಾಸ್ಟಿಕ್ ಮತ್ತು ಉಕ್ಕಿನ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತಂದು ಕೆಲವೇ ದಿನಗಳಲ್ಲಿ ಜೋಡಿಸಬಹುದು. ಸುರಕ್ಷತೆಯ ಪ್ರಮಾಣಪತ್ರ ಜೊತೆಗೇ ಬರುತ್ತದೆ, ಒಂದು ಭಾಗ ಮುರಿದರೆ ಅದನ್ನಷ್ಟೇ ಬದಲಾಯಿಸಬಹುದು. ಗಾರೆ ಕೆಲಸದವರು ವಾರಗಟ್ಟಲೆ ಉಜ್ಜಿ ನಯಗೊಳಿಸುವ ಟೆರಾಜೊ ಇದರ ಮುಂದೆ ದುಬಾರಿ ಎನಿಸಿತು. ನಾಲ್ಕನೆಯದು ಬಡಾವಣೆಗಳ ಪುನರ್ನಿರ್ಮಾಣ. ಹಳೆಯ ಕಟ್ಟಡಗಳನ್ನು ಕೆಡವಿ ನಿವಾಸಿಗಳಿಗೆ ಹತ್ತಿರದಲ್ಲೇ ಹೊಸ ಮನೆ ಕೊಡುವ ಯೋಜನೆ 1995ರಲ್ಲಿ ಶುರುವಾಯಿತು. ಕಟ್ಟಡ ಹೋದಾಗ ಅದರ ಅಂಗಳವೂ ಹೋಯಿತು. ಡೋವರ್ ಪ್ರದೇಶದಲ್ಲಿ ಬಹುಕಾಲ ಉಳಿದಿದ್ದ ಹೆಜ್ಜಾರ್ಲೆಯ ಆಟದಂಗಳವೂ ಹೀಗೆ ಅಳಿದುಹೋಯಿತು.

ಈ ಕಾರಣಗಳಲ್ಲಿ ಯಾವುದನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಗುವಿನ ತಲೆಗೆ ಪೆಟ್ಟಾಗದಿರಲಿ ಎಂಬ ಕಾಳಜಿ ದೊಡ್ಡದೇ. ಆದರೆ ಸುರಕ್ಷತೆಯ ಜೊತೆಗೆ ಇನ್ನೊಂದು ಸಂಗತಿಯೂ ಸದ್ದಿಲ್ಲದೆ ಬದಲಾಯಿತು. ಕಾರ್ಖಾನೆಯಿಂದ ಬಂದ ಹಳದಿ ಕೊಳವೆಯ ಜಾರುಬಂಡೆ ಸಿಂಗಪುರದಲ್ಲಿದ್ದರೂ ಸಿಡ್ನಿಯಲ್ಲಿದ್ದರೂ ಒಂದೇ. ‘ಡ್ರ್ಯಾಗನ್ ಹತ್ತಿರ ಸಿಗೋಣ’ ಎಂದು ಹೇಳಿ ಹೊರಡುತ್ತಿದ್ದ ಮಕ್ಕಳಿಗೆ, ವಿಳಾಸ ಕೇಳಿದವರಿಗೆ ‘ಪಾರಿವಾಳದ ಪಕ್ಕದ ಕಟ್ಟಡ’ ಎಂದು ತೋರಿಸುತ್ತಿದ್ದ ಹಿರಿಯರಿಗೆ ಇದ್ದ ಗುರುತು ಅಳಿಸಿತು. ಬಡಾವಣೆಗೆ ಮುಖ ಕೊಡಲೆಂದೇ ಹುಟ್ಟಿದ ವಸ್ತು ಹೋದ ಮೇಲೆ ಅದರ ಜಾಗಕ್ಕೆ ಬಂದದ್ದಕ್ಕೆ ಮುಖವಿರಲಿಲ್ಲ. ಹಳೆಯ ಆಟದಂಗಳಗಳ ಬಗ್ಗೆ ಇಂದು ಕಾಣುವ ಪ್ರೀತಿಯ ಮೂಲ ಇಲ್ಲಿದೆ.

ಉಳಿಸಿಕೊಳ್ಳುವ ಪ್ರಯತ್ನ

ಆ ಅಂಗಳಗಳಲ್ಲಿ ಆಡಿದ ತಲೆಮಾರು ದೊಡ್ಡದಾಗಿ ಹಿಂತಿರುಗಿ ನೋಡಿದಾಗ ಉಳಿದಿದ್ದು ಬೆರಳೆಣಿಕೆಯಷ್ಟು. 2012ರಲ್ಲಿ ಬರಹಗಾರ ಜಸ್ಟಿನ್ ಝುವಾಂಗ್ ‘ಮೊಸಾಯಿಕ್ ಮೆಮೊರೀಸ್’ ಎಂಬ ಇ-ಪುಸ್ತಕದಲ್ಲಿ ಈ ಆಟದಂಗಳಗಳ ಇತಿಹಾಸವನ್ನು ದಾಖಲಿಸಿದರು. ಅಲ್ಲಿಯವರೆಗೆ ಹೆಚ್ಚು ಜನರಿಗೆ ಗೊತ್ತಿರದಿದ್ದ ಕೋರ್ ಈನ್ ಘೀ ಅವರ ಹೆಸರು ಹೊಸ ತಲೆಮಾರಿಗೆ ಪರಿಚಯವಾಯಿತು. ಕಲಾವಿದರು, ಬಟ್ಟೆ ವಿನ್ಯಾಸಕರು, ಆಟಿಕೆ ತಯಾರಕರು ಡ್ರ್ಯಾಗನ್ ಚಿತ್ರವನ್ನು ಎತ್ತಿಕೊಂಡರು. ಅದು ಸಿಂಗಪುರದ ಬಾಲ್ಯಕ್ಕೇ ಸಂಕೇತವಾಯಿತು.

ಡಕೋಟಾ ಕ್ರೆಸೆಂಟ್ ಉಳಿದ ಬಗೆ ಇನ್ನೂ ಮುಖ್ಯ. ಬಡಾವಣೆಯನ್ನು ತೆರವು ಮಾಡುವ ನಿರ್ಧಾರವಾಗಿ, 2016ರ ಕೊನೆಯ ಹೊತ್ತಿಗೆ ನಿವಾಸಿಗಳು ಅಲ್ಲಿಂದ ಹೊರಡಬೇಕಾಯಿತು. ‘ಸೇವ್ ಡಕೋಟಾ ಕ್ರೆಸೆಂಟ್’ ಹೆಸರಿನಲ್ಲಿ ನಿವಾಸಿಗಳೂ ವಾಸ್ತುಶಿಲ್ಪಿಗಳೂ ಒಟ್ಟುಗೂಡಿದರು. ಅಲ್ಲಿನ ಸಂಸದ ಲಿಮ್ ಬ್ಯೋ ಚುವಾನ್ ಸಂಸತ್ತಿನಲ್ಲಿ ವಿಷಯ ಎತ್ತಿದರು. ಎಲ್ಲವನ್ನೂ ಹಾಗೆಯೇ ಉಳಿಸಿ ಎಂದಷ್ಟೇ ಕೇಳದೆ, ಯಾವ ಕಟ್ಟಡವನ್ನು ಯಾವುದಕ್ಕೆ ಮರುಬಳಸಬಹುದು ಎಂಬ ಪ್ರಸ್ತಾವವನ್ನೂ ಮುಂದಿಟ್ಟರು. 2017ರ ಡಿಸೆಂಬರಿನಲ್ಲಿ ಸರ್ಕಾರ ನಡುವಿನ ಆರು ಕಟ್ಟಡಗಳನ್ನೂ ಪಾರಿವಾಳದ ಆಟದಂಗಳವನ್ನೂ ಉಳಿಸುವುದಾಗಿ ಪ್ರಕಟಿಸಿತು. ಅರಮನೆಯಲ್ಲ, ದೇವಾಲಯವಲ್ಲ, ಬಾಡಿಗೆಯ ಸಣ್ಣ ಮನೆಗಳ ನಡುವಿನ ಒಂದು ಜಾರುಬಂಡೆ ನಗರದ ಪರಂಪರೆಯ ಲೆಕ್ಕಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ.

ಆದರೂ ರಕ್ಷಣೆ ಪೂರ್ತಿಯಾಗಿಲ್ಲ. ಸಿಂಗಪುರದ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಯಲ್ಲಿ ಆಟದಂಗಳಗಳಿಗೆ ಸ್ಥಾನವಿಲ್ಲ. ಒಂದು ಬಿಲ್ಲೆ ಉದುರಿದರೆ ಅದೇ ಬಣ್ಣದ, ಅದೇ ಅಳತೆಯ ಬಿಲ್ಲೆ ಹುಡುಕಬೇಕು; ಟೆರಾಜೊ ಬಿರುಕು ಬಿಟ್ಟರೆ ಆ ಕೆಲಸ ಬಲ್ಲ ಕೈ ಬೇಕು. ಬೇಲಿ ಹಾಕಿ ಮುಟ್ಟಬೇಡಿ ಎಂದು ಫಲಕ ನಿಲ್ಲಿಸುವುದು ಸುಲಭ, ಆದರೆ ಮಕ್ಕಳು ಹತ್ತದ ಆಟದಂಗಳ ಬರೀ ಗೊಂಬೆ. ಇವು ಬಳಕೆಯಲ್ಲಿ ಇದ್ದುಕೊಂಡೇ ಉಳಿಯಬೇಕು ಎಂಬುದೇ ಸರಿಯಾದ ದಾರಿ, ತೋವಾ ಪಾಯೋದಲ್ಲಿ ಅದು ಸಾಧ್ಯವಾಗಿದೆ. ಹೊಸ ಬಡಾವಣೆಗಳಲ್ಲೂ ಈ ಪಾಠದ ಪ್ರಭಾವ ಕಾಣುತ್ತದೆ. ಆಯಾ ಪ್ರದೇಶದ ಇತಿಹಾಸಕ್ಕೆ ಹೊಂದುವ ವಿಷಯ ಹಿಡಿದು ಆಟದಂಗಳ ರೂಪಿಸುವ ಪದ್ಧತಿ ಮರಳಿದೆ. ಸೆಂಬವಾಂಗ್‌ನ ಕ್ಯಾನ್‌ಬೆರಾ ಪ್ರದೇಶದಲ್ಲಿ ನಿವಾಸಿಗಳನ್ನೂ ಮಕ್ಕಳನ್ನೂ ವಿನ್ಯಾಸದಲ್ಲೇ ಸೇರಿಸಿಕೊಂಡು ಎಚ್‌ಡಿಬಿ ಆಟದಂಗಳ ಕಟ್ಟಿಸಿದೆ.

ನೋಡಲು ಹೋಗುವವರಿಗೆ

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸಿಂಗಪುರಕ್ಕೆ ಸುಮಾರು ನಾಲ್ಕೂವರೆ ಗಂಟೆ. ಅಲ್ಲಿ ಈ ಆಟದಂಗಳಗಳನ್ನು ನೋಡಲು ಪ್ರವೇಶ ಶುಲ್ಕವಿಲ್ಲ, ಸಮಯದ ಕಟ್ಟುಪಾಡಿಲ್ಲ, ಮಾರ್ಗದರ್ಶಿಯೂ ಬೇಡ. ಎಂಆರ್‌ಟಿ ರೈಲೊಂದೇ ಸಾಕು. ಈ ರೈಲು ಜಾಲದ ಮೊಟ್ಟಮೊದಲ ಭಾಗ 1987ರ ನವೆಂಬರ್ 7ರಂದು ಶುರುವಾದದ್ದು ಯಿಯೊ ಚು ಕಾಂಗ್ ಮತ್ತು ತೋವಾ ಪಾಯೋ ನಡುವೆ. ತೋವಾ ಪಾಯೋ, ಬಿಶಾನ್, ಆಂಗ್ ಮೋ ಕಿಯೊ ಮೂರೂ ಆ ಹಳೆಯ ತುಣುಕಿನಲ್ಲೇ ಸಿಗುತ್ತವೆ. ಹಾಗಾಗಿ ಎರಡು ಡ್ರ್ಯಾಗನ್ ಮತ್ತು ಗಡಿಯಾರವನ್ನು ಒಂದೇ ಬೆಳಗಿನಲ್ಲಿ ನೋಡಿ ಮುಗಿಸಬಹುದು. ತೋವಾ ಪಾಯೋ ನಿಲ್ದಾಣದ ಪಕ್ಕದಲ್ಲೇ ಎಚ್‌ಡಿಬಿಯ ಕೇಂದ್ರ ಕಚೇರಿ ಇದೆ, ಡ್ರ್ಯಾಗನ್ ಅಲ್ಲಿಂದ ನಡೆದು ಹೋಗುವಷ್ಟು ದೂರ.

ಬಿಶಾನ್‌ನಲ್ಲಿ ಸರ್ಕಲ್ ಲೈನ್‌ಗೆ ಬದಲಿಸಿದರೆ ಡಕೋಟಾ ನಿಲ್ದಾಣ. ಬಡಾವಣೆಯಲ್ಲಿ ಮರುಅಭಿವೃದ್ಧಿ ಕಾಮಗಾರಿ ಇರುವುದರಿಂದ ಪಾರಿವಾಳದ ಹತ್ತಿರಕ್ಕೆ ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಡಕೋಟಾದ ಪ‌ಕ್ಕದ ನಿಲ್ದಾಣ ಪಾಯಾ ಲೇಬಾರ್. ಅಲ್ಲಿ ಈಸ್ಟ್ ವೆಸ್ಟ್ ಲೈನ್ ಹಿಡಿದರೆ ಟ್ಯಾಂಪಿನೀಸ್‌ನ ಹಣ್ಣುಗಳಿಗೂ, ಆ ಮಾರ್ಗದ ಕೊನೆಯ ನಿಲ್ದಾಣ ಪಾಸಿರ್ ರಿಸ್‌ನ ಆನೆ ಮತ್ತು ದೋಣಿಗೂ ದಾರಿ. ಕೊನೆಯ ಎರಡು ಕಡೆ ನಿಲ್ದಾಣದಿಂದ ಬಸ್ಸು ಹಿಡಿದರೆ ಸುಲಭ.

ಸಿಂಗಪುರ ಭೂಮಧ್ಯರೇಖೆಯಿಂದ ಸುಮಾರು ಒಂದು ಡಿಗ್ರಿ ಉತ್ತರಕ್ಕಿದೆ. ವರ್ಷವಿಡೀ ಹಗಲಿನ ಉಷ್ಣಾಂಶ 31–32 ಡಿಗ್ರಿಯ ಆಸುಪಾಸು, ಮಧ್ಯಾಹ್ನ ಯಾವಾಗ ಬೇಕಾದರೂ ಜೋರು ಮಳೆ. ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ಐದರ ನಂತರ ಹೋಗುವುದು ಮೇಲು. ಸಂಜೆ ಶಾಲೆ ಬಿಟ್ಟ ಮಕ್ಕಳೂ ಅಂಗಳದಲ್ಲಿರುತ್ತಾರೆ, ಆಟದಂಗಳ ತನ್ನ ಕೆಲಸ ಮಾಡುವುದು ಆಗ ಕಾಣುತ್ತದೆ. ಸುತ್ತಲಿನವು ಜನ ವಾಸಿಸುವ ಮನೆಗಳು ಎಂಬುದನ್ನು ನೆನಪಿನಲ್ಲಿಡಬೇಕು. ಬೇರೆಯವರ ಮಕ್ಕಳ ಫೋಟೊ ಅವರ ಹೆತ್ತವರನ್ನು ಕೇಳದೆ ತೆಗೆಯಬಾರದು. ಜಾರುಬಂಡೆಯ ಸರದಿ ಮೊದಲು ಅಲ್ಲಿನ ಮಕ್ಕಳದು. ಮಕ್ಕಳೊಂದಿಗೆ ಹೋದವರು ಬದಲಿ ಬಟ್ಟೆ, ಕುಡಿಯುವ ನೀರು ಇಟ್ಟುಕೊಂಡು, ಹತ್ತಲು ಜಾರಲು ಸಾಕಷ್ಟು ಸಮಯ ಬಿಡಬೇಕು. ಟೆರಾಜೊದ ನುಣುಪು, ಬಿಲ್ಲೆಗಳ ಸಂದು, ಬಳೆಗಳ ನಡುವಿನ ಅಂತರ ಮೈಗೆ ತಿಳಿಯುವುದು ಹತ್ತಿ ಆಡಿದಾಗಲೇ, ಆಡುವವರು ಇರುವವರೆಗೂ ಇವುಗಳನ್ನು ಉಳಿಸಲು ಕಾರಣವೂ ಇರುತ್ತದೆ.